ಗಿಟಾರಕ್ಕನ ಕಿವಿ, ಯಜಮಾನರ ಹೆಸರು

ಬೆಳಗಿನ ಜಾವ. ಕೆಳಗಿನ ಸ್ಕೂಟರ್ ರಿಪೇರಿ ಅಂಗಡಿಯ ಶಟರ್ ಇನ್ನೂ ಮೇಲೆದ್ದಿಲ್ಲ. ಮಹಡಿಯ ಕೋಣೆಯಲ್ಲಿ ಒಬ್ಬ ಹೆಂಗಸು ತೆಳ್ಳನೆಯ ಹಲಗೆಯೊಂದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, ಕಿವಿಯ ಹತ್ತಿರ ತಂದು, ಗೆಣ್ಣಿನಿಂದ ತಟ್ಟುತ್ತಾರೆ. ಕೀಸುಳಿ ಹಾಕಿ ಒಂದು ಸಲ ಹೆರೆಯುತ್ತಾರೆ. ಮತ್ತೆ ತಟ್ಟುತ್ತಾರೆ. ಇದು ಗಿಟಾರಿನ ಮುಖಕ್ಕೆ ಕೂರುವ ಹಲಗೆ. ದಪ್ಪ ಉಳಿದರೆ ದನಿ ಹೊರಗೆ ಬರುವುದಿಲ್ಲ. ತೆಳುವಾದಷ್ಟೂ ತುಂಬಿ ಬರುತ್ತದೆ. ಆ ಆಸೆಗೆ ಬಿದ್ದು ಒಂದು ಸಲ ಹೆಚ್ಚು ಹೆರೆದರೂ ತಂತಿಗಳ ಎಳೆತಕ್ಕೆ ಮುಖ ಕುಸಿದುಹೋಗುತ್ತದೆ.

"ಬೀದಿ ಎದ್ದ ಮೇಲೆ ಈ ಕೆಲಸ ಆಗಲ್ಲ. ಹಲಗೆ ತಾನೇ ಸಾಕು ಅನ್ನುತ್ತೆ, ಅದನ್ನ ಕೇಳಿಸ್ಕೋಬೇಕು ಅಷ್ಟೆ," ಎನ್ನುತ್ತಾರೆ ಅವರು.

ಬೀದಿಯವರೆಲ್ಲ ಅವರನ್ನು ಗಿಟಾರಕ್ಕ ಎಂದು ಕರೆಯುತ್ತಾರೆ. ಆ ಹೆಸರು ಇಟ್ಟವರು ಕೆಳಗಿನ ಮೆಕ್ಯಾನಿಕ್‌ಗಳು. ಆದರೆ ಗಿಟಾರ್ ಕೊಳ್ಳಲು ಬರುವ ತಿಳಿದವರು ಮಾತ್ರ ಬಾಗಿಲಲ್ಲಿ ನಿಂತು ಮೊದಲು ಕೇಳುವುದು, "ಯಜಮಾನ್ರು ಇಲ್ವಾಮ್ಮಾ?"

ಇದ್ದಾರೆ. ಹಿಂದಿನ ಕಿಟಕಿಯ ಬಳಿ ಪಾಲಿಶ್ ಹಚ್ಚುತ್ತಿದ್ದಾರೆ. ಅವರು ಹಚ್ಚಿದ ಪಾಲಿಶ್‌ನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಆದರೆ ಮರದ ಮಿಲ್ಲಿನ ದೊಡ್ಡ ಗರಗಸದ ಪಕ್ಕ ದುಡಿದು ದುಡಿದು ಅವರ ಕಿವಿ ಅರ್ಧ ಹೋಗಿದೆ. ಈ ಗಿಟಾರ್ ಕಾರ್ಖಾನೆ ಗಿಟಾರಕ್ಕನ ತಂದೆಯದು; ಇವರು ಮನೆ ಅಳಿಯನಾಗಿ ಬಂದವರು. ಗಿರಾಕಿಗಳು ತಮಗೆ ಎಂಥ ದನಿ ಬೇಕೆಂದು ವರ್ಣಿಸುವುದೆಲ್ಲ ಆ ಅರ್ಧ ಕಿವಿಗೆ. ಅವರು ಗಂಭೀರವಾಗಿ ತಲೆಯಾಡಿಸುತ್ತಾರೆ. ಗಿರಾಕಿ ಮೆಟ್ಟಿಲಿಳಿದ ಮೇಲೆ ಹೆಂಡತಿಯ ಕಡೆ ತಿರುಗಿ "ಏನಂತೆ?" ಎನ್ನುತ್ತಾರೆ. ನಗು ಬರುವ ವಿಷಯವೇ, ಆದರೆ ಗಿಟಾರಕ್ಕನ ಬಗ್ಗೆ ಬರೆಯಲು ಬಂದಿದ್ದ ನನಗೆ ಮೈ ಉರಿಯಿತು.

ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು ಕೈತೊಳೆದುಕೊಳ್ಳುವುದು ನಮ್ಮ ರೂಢಿ. ಈ ಎಲೆ ಗಿಡದಲ್ಲಿ ಬೆಳೆದದ್ದಲ್ಲ. ಜನ ತಂದು ಮುಚ್ಚಿದ್ದು.

"ಅಪ್ಪ ನನ್ನನ್ನ ಕೆಲಸಕ್ಕೆ ಹಚ್ಚಿದ್ದು ಪ್ರೀತಿಗಲ್ಲ, ಆಳಿಗೆ ಸಂಬಳ ಕೊಡೋಕಾಗದೆ," ಎಂದು ಗಿಟಾರಕ್ಕ ನಗುತ್ತಾರೆ. ಗಿಟಾರಿನ ಪಕ್ಕೆಯ ಹಲಗೆಗಳನ್ನು ಒದ್ದೆ ಮಾಡಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಬಾಗಿಸುವಾಗ ಸುಟ್ಟ ಗುರುತುಗಳು ಮೊಣಕೈವರೆಗೂ ಇವೆ. ಒಂದು ಗಿಟಾರಿಗೆ ಎರಡು, ಎರಡೂವರೆ ತಿಂಗಳು ಬೇಕು. ಈಗ ಅಷ್ಟು ಕೆಲಸವೂ ಇಲ್ಲ. ಅದಕ್ಕೆ ಕಾರಣವಾದ ಗಿಟಾರು ಇವತ್ತು ಗೋಡೆಯ ಮೇಲೆ ತೂಗುತ್ತಿದೆ.

ಅದು ಹೆಸರಾಂತ ಗಿಟಾರ್ ಮೇಷ್ಟ್ರೊಬ್ಬರದು. ಎರಡು ವರ್ಷದ ಹಿಂದೆ ಅದನ್ನು ಮಾಡಿಸುವಾಗ, ಮುಖದ ಹಲಗೆಗೆ ಹೆಂಗಸರ ಕೈ ಬೇಡ, ಕೊನೆಯ ಹದ ಯಜಮಾನರೇ ಮಾಡಲಿ ಎಂದು ಹಟ ಹಿಡಿದು ಎದುರಿಗೇ ಕುರ್ಚಿ ಹಾಕಿಕೊಂಡು ಕೂತರಂತೆ. ತನಗೆ ಬರುವುದಿಲ್ಲ ಎನ್ನಲು ನಾಚಿಕೊಂಡ ಗಂಡ ಕೀಸುಳಿ ಕೈಗೆತ್ತಿಕೊಂಡರು. ತಟ್ಟಿದರು, ಏನೂ ಕೇಳಿಸಲಿಲ್ಲ, ಹೆರೆದರು. ಮತ್ತೆ ತಟ್ಟಿದರು, ಮತ್ತೆ ಹೆರೆದರು.

"ಸಾಕು ಅಂತ ಕಣ್ಣಲ್ಲೇ ಹೇಳ್ದೆ. ಬಾಯಿಬಿಟ್ಟು ಹೇಳಿದ್ರೆ ಇವರ ಮರ್ಯಾದೆ ಹೋಗುತ್ತಲ್ಲ!"

ಕೆಲವೇ ತಿಂಗಳಲ್ಲಿ ಮುಖ ಕುಸಿಯಿತು. 'ನಾನು ಎದ್ದು ಹೋದ ಮೇಲೆ ಹೆಂಡತಿ ಕೈಯಾಡಿಸಿ ಕೆಡಿಸಿದ್ದಾಳೆ' ಎಂದು ಮೇಷ್ಟ್ರು ಕ್ಲಾಸಿನಲ್ಲಿ ಸಾರಿದರು. ಇಲ್ಲಿಗೆ ಬರುತ್ತಿದ್ದ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಅವರ ಶಿಷ್ಯರೇ. ಒಬ್ಬರೂ ಮತ್ತೆ ಈ ಮೆಟ್ಟಿಲು ಹತ್ತಲಿಲ್ಲ. ಮುಖ ಬದಲಿಸುವವರು ಬೇರೆಲ್ಲೂ ಸಿಗದೆ ಮೇಷ್ಟ್ರು ಮಾತ್ರ ಗಿಟಾರನ್ನು ವಾಪಸ್ ತಂದಿದ್ದಾರೆ. ಈ ಸಲವೂ ಕೊಟ್ಟದ್ದು ಯಜಮಾನರ ಕೈಗೇ. ಹೊಸ ಮುಖ ಕೂರಿಸಿ ಆಗಿದೆ; ಇವತ್ತು ಒಯ್ಯಲು ಬರುತ್ತಾರೆ.

ಗಂಡ ನಿಜ ಹೇಳಲಿಲ್ಲವೇ ಎಂದು ಕೇಳಿದೆ.

"ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ಪಾತ್ರೆ ಕುಕ್ಕಿದೆ, ಮಾತು ಬಿಟ್ಟೆ, ಇವರ ತಂಗಿ ಮುಂದೇನೇ ಹಂಗಿಸ್ದೆ. ಕಿವಿ ಅಷ್ಟೇ ಹೋಗಿದೆ ಅಂದ್ಕೊಂಡಿದ್ದೆ, ನಾಲಿಗೇನೂ ಹೋಗಿದೆ!"

ಅವರು ಬೇಕೆಂದೇ ಗಟ್ಟಿಯಾಗಿ ಹೇಳುತ್ತಾರೆ. ಕಿಟಕಿಯ ಬಳಿ ಬ್ರಷ್ಷು ಒಂದು ಕ್ಷಣ ನಿಂತು ಮತ್ತೆ ಆಡುತ್ತದೆ.

ಹತ್ತು ಗಂಟೆಯ ಹೊತ್ತಿಗೆ ಮೇಷ್ಟ್ರು ಇಬ್ಬರು ಶಿಷ್ಯರೊಂದಿಗೆ ಬರುತ್ತಾರೆ. ಗಿಟಾರ್ ಇಳಿಸಿಕೊಂಡು ನುಡಿಸುತ್ತಾರೆ. ಕೋಣೆ ತುಂಬುವ ದನಿ. ಅವರ ಮುಖ ಅರಳುತ್ತದೆ. ಗಿಟಾರಕ್ಕನನ್ನು ದಾಟಿ ನೇರ ಕಿಟಕಿಯ ಬಳಿ ಹೋಗಿ, ಗಂಡನ ಬೆನ್ನು ತಟ್ಟಿ, ಕ್ಲಾಸಿನ ದನಿಯಲ್ಲಿ ಹೇಳುತ್ತಾರೆ: "ನೋಡಿ ಯಜಮಾನ್ರೇ, ನಿಮ್ಮ ಕೈ ಬಿದ್ದಿದ್ದಕ್ಕೇ ಹೀಗೆ ನುಡೀತಿದೆ!"

ಗಂಡ ಬ್ರಷ್ಷು ಕೆಳಗಿಟ್ಟು ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತಾರೆ.

"ನನ್ನ ಕೈ ಬಿದ್ದಿದ್ದಕ್ಕೇ ಆವತ್ತು ಕುಸಿದಿದ್ದು ಮೇಷ್ಟ್ರೇ. ನನಗೆ ಕಿವಿ ಕೇಳಿಸಲ್ಲ. ಈ ಸಲ ಎಲ್ಲಾ ಅವಳೇ ಮಾಡಿದ್ದು, ಪಾಲಿಶ್ ಮಾತ್ರ ನಂದು."

ಶಿಷ್ಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಹೋಗ್ಲಿ ಬಿಡಿ, ಆಗಿದ್ದು ಆಗೋಯ್ತು," ಎನ್ನುತ್ತಾರೆ.

"ಹೋಗ್ಲಿ ಅನ್ನೋಕೆ ಅದು ನಿಮ್ಮದಲ್ಲ. ಹೋಗಿದ್ದು ನನ್ನ ಹೆಸರು," ಗಿಟಾರಕ್ಕ ಮೇಷ್ಟ್ರ ಎದುರಿಗೇ ಬಂದು ನಿಲ್ಲುತ್ತಾರೆ. "ಯಾವ ಕ್ಲಾಸಲ್ಲಿ ನಿಂತು ನನ್ನ ಹಳಿದ್ರೋ, ಅದೇ ಕ್ಲಾಸಲ್ಲಿ ನಿಂತು ಇದನ್ನೂ ಹೇಳಿ."

ಹೇಳುತ್ತೇನೆ ಎನ್ನದೆಯೇ ಮೇಷ್ಟ್ರು ಮೆಟ್ಟಿಲಿಳಿಯುತ್ತಾರೆ. ಅವರು ಹೇಳುತ್ತಾರೆಂಬ ನಂಬಿಕೆ ನನಗಿಲ್ಲ. ಆ ಇಬ್ಬರು ಶಿಷ್ಯರಾದರೂ ಹೇಳಿಯಾರು.

ಗಂಡನ ಮೇಲಿನ ಸಿಟ್ಟು ಇಳಿಯಿತೇ ಎಂದರೆ, "ಇವತ್ತು ಊಟ ಬಡಿಸ್ತೀನಿ. ಮಾತಾಡೋದು ನಾಳೆ ನೋಡೋಣ," ಎನ್ನುತ್ತಾರೆ. ಸನ್ಮಾನ, ಶಾಲು ಯಾವುದೂ ಅವರಿಗೆ ಬೇಡ. "ಬಂದೋರು ನನ್ನ ಮುಖ ನೋಡಿ ಮಾತಾಡ್ಲಿ, ಸಾಕು."

ಅಷ್ಟರಲ್ಲಿ ಬಾಗಿಲಲ್ಲಿ ಹೊಸಬರೊಬ್ಬರು. ಕಂಕುಳಲ್ಲಿ ಬಿರುಕು ಬಿಟ್ಟ ಗಿಟಾರು, ಕಣ್ಣು ಗಿಟಾರಕ್ಕನ ಹೆಗಲಾಚೆ.

"ಯಜಮಾನ್ರು ಇದಾರಾಮ್ಮಾ?"

"ಇದಾರೆ, ಪಾಲಿಶ್ ಮಾಡ್ತಿದಾರೆ," ಗಿಟಾರಕ್ಕ ಕೈ ಚಾಚಿ ಗಿಟಾರನ್ನು ಇಸಿದುಕೊಳ್ಳುತ್ತಾರೆ. "ಗಿಟಾರ್ ವಿಷಯ ಆದ್ರೆ ಇಲ್ಲಿ ನೋಡಿ ಹೇಳಿ."