ಟೋಪಿ ದಾಟದ ಮರ

ಟಾಸ್ಮೇನಿಯಾದ ಹ್ಯೂವನ್ ನದಿಯ ದಂಡೆಯ ನಮ್ಮೂರಲ್ಲಿ ಸೇಬಿನ ಮರ ಸವರುವವರು ಕೆಲಸ ಮುಗಿದ ಮೇಲೆ ತಲೆಯ ಟೋಪಿ ತೆಗೆದು ಮರದ ನಡುವಿನಿಂದ ಎಸೆಯುತ್ತಾರೆ. ಟೋಪಿ ಎಲ್ಲೂ ತಗುಲದೆ ಆಚೆ ಬಿದ್ದರೆ ಸವರಿದ್ದು ಸರಿಯಾಗಿದೆ, ಬಿಸಿಲು ಒಳಗಿನ ಹಣ್ಣಿಗೂ ಮುಟ್ಟುತ್ತದೆ ಎಂದರ್ಥ. ಸಿಕ್ಕಿಕೊಂಡರೆ ಮತ್ತೆ ಏಣಿ ಹತ್ತಬೇಕು. ನೆರಿಡಾ ಟಕ್‌ವೆಲ್ ಹುಡುಗಿಯಾಗಿದ್ದಾಗಿನಿಂದ ಅರವತ್ತು ದಾಟುವವರೆಗೆ ಪ್ರತಿ ಚಳಿಗಾಲವೂ ತೋಟಗಳಲ್ಲಿ ಇದೇ ಕೆಲಸ ಮಾಡಿದವಳು. ಅವಳ ಟೋಪಿ ಸಿಕ್ಕಿಕೊಂಡದ್ದನ್ನು ಯಾರೂ ಕಂಡಿರಲಿಲ್ಲ.

ಸೊಂಟದ ಆಪರೇಷನ್ ಆದ ಮೇಲೆ, ತೋಟದ ಎತ್ತರದ ಏಣಿ ಇನ್ನು ಬೇಡವೆಂದು ಡಾಕ್ಟರು ಹೇಳಿದರು. ಸುಮ್ಮನೆ ಕೂರುವುದು ಅವಳ ಜಾಯಮಾನವಲ್ಲ. ಊರ ಸಭಾಭವನದ ಮುಂದಿನ ಹೂಸೇಬು ಕಣ್ಣಿಗೆ ಬಿತ್ತು. ಅದು ಕ್ರ್ಯಾಬ್ ಆಪಲ್ ಜಾತಿಯ ಮರ; ಹಣ್ಣು ಗೋಲಿಯಷ್ಟೇ, ಬೆಳೆಸುವುದು ಹೂವಿಗಾಗಿ. ಇಲ್ಲಿ ವಸಂತ ಬರುವ ಅಕ್ಟೋಬರಿನಲ್ಲಿ ಮೊಗ್ಗು ಗುಲಾಬಿ, ಅರಳಿದರೆ ಬಿಳಿ. ಊರಿನ ಮದುವೆಗಳ ಫೋಟೋ ತೆಗೆಯುವುದು ಅದರ ಕೆಳಗೇ. ನೆರಿಡಾ ಕೂಡ ಮದುವಣಗಿತ್ತಿಯಾಗಿ ಅಲ್ಲಿ ನಿಂತಿದ್ದಳು.

ಮರ ಪೊದೆಯಂತೆ ದಟ್ಟವಾಗಿತ್ತು. ಅವಳ ಕೈ ಸುಮ್ಮನಿರಲಿಲ್ಲ. ಜುಲೈನ ಚಳಿಗಾಲದ ಒಂದು ಬೆಳಿಗ್ಗೆ ಕತ್ತರಿ, ಗರಗಸ ತಂದು, ತೋಟದ ಮರಕ್ಕೆ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ನಡುವಿನ ಕೊಂಬೆಗಳನ್ನೆಲ್ಲ ತೆಗೆದು ಮರವನ್ನು ಬಟ್ಟಲಿನಂತೆ ತೆರೆದಳು. ಉಳಿದ ಒಂದೊಂದು ಕೊಂಬೆಯ ತುದಿಯನ್ನೂ ಕತ್ತರಿಸಿದಳು. ಕೊನೆಗೆ ಟೋಪಿ ಎಸೆದಳು. ಅದು ಹಕ್ಕಿಯಂತೆ ಆಚೆ ಹಾರಿತು.

ಆ ವಸಂತದಲ್ಲಿ ಮರ ಹೂ ಬಿಡಲಿಲ್ಲ. ಕತ್ತರಿಸಿದ ಗಾಯಗಳಿಂದೆಲ್ಲ ಚಿಗುರುಕೋಲುಗಳು ನೆಟ್ಟಗೆ ಆಕಾಶಕ್ಕೆ ಎದ್ದು, ಮರ ತಲೆಕೆಳಗಾಗಿ ನಿಲ್ಲಿಸಿದ ಪೊರಕೆಯಂತಾಯಿತು. ಮುಂದಿನ ಚಳಿಗಾಲ ನೆರಿಡಾ ಹಟ ಹಿಡಿದು ಆ ಕೋಲುಗಳನ್ನೆಲ್ಲ ಬುಡಕ್ಕೇ ಸವರಿದಳು. ಬೇಸಿಗೆ ಬರುವಷ್ಟರಲ್ಲಿ ಅವು ಇಮ್ಮಡಿಯಾಗಿ ಎದ್ದವು. ಆ ವರ್ಷವೂ ಹೂ ಇಲ್ಲ.

ಏಪ್ರಿಲ್‌ನಲ್ಲಿ ಭವನದ ಸಮಿತಿ ಸೇರಿತು. ಅಧ್ಯಕ್ಷ ರಾಯ್ಸ್ ಹೇಗರ್ಟಿ ಶಾಲೆಯಲ್ಲಿ ನೆರಿಡಾಳ ಪಕ್ಕದ ಬೆಂಚಿನವನು, ಆಮೇಲೆ ತೋಟದಲ್ಲಿ ಪಕ್ಕದ ಏಣಿಯವನು.

"ಕಡಿದು ಹಾಕೋಣ. ಕಾರು ನಿಲ್ಸೋಕಾದ್ರೂ ಜಾಗ ಆಗತ್ತೆ," ಅಂದ.

"ಮರ ಸತ್ತಿಲ್ಲ ರಾಯ್ಸ್."

"ಬದುಕಿದ್ದು ಏನು ಮಾಡ್ತಿದೆ ಹೇಳು? ನನ್ನ ಮೊಮ್ಮಗಳು ಮದುವೆ ಆಗೋಳಿದಾಳೆ. ಅವಳನ್ನ ಆ ಪೊರಕೆ ಕೆಳಗೆ ನಿಲ್ಸಲಾ?"

"ಹಾಳು ಮಾಡಿದ್ದು ನಾನು. ಸರಿ ಮಾಡೋದೂ ನಾನೇ."

"ಅಯ್ಯೋ ತಾಯಿ, ನೀನು ಇನ್ನೊಂದ್ಸಲ ಸರಿ ಮಾಡಿದ್ರೆ ಬೊಡ್ಡೆ ಒಂದೇ ಉಳಿಯೋದು!"

ಎಲ್ಲರೂ ನಕ್ಕರು. ನೆರಿಡಾ ನಗು ನಿಲ್ಲುವವರೆಗೆ ಕಾದಳು.

"ಎರಡು ವಸಂತ ಕೊಡಿ. ಎರಡನೇದಕ್ಕೂ ಹೂ ಬರ್ಲಿಲ್ಲ ಅಂದ್ರೆ ಗರಗಸ ತಂದು ನಾನೇ ಕಡಿತೀನಿ. ರಾಯ್ಸ್, ನೀನು ಟೀ ಕುಡೀತಾ ನಿಂತು ನೋಡು."

ಸಮಿತಿ ಒಪ್ಪಿತು. ಮನೆಗೆ ನಡೆಯುವಾಗ ನಾದಿನಿ ಬೆಟ್ ಕೇಳಿದಳು. ಆ ಮರದ ಹಣ್ಣಿನಲ್ಲಿ ಪ್ರತಿ ವರ್ಷ ಜೆಲ್ಲಿ ಕಾಯಿಸುತ್ತಿದ್ದವಳು ಅವಳು. ಎರಡು ವರ್ಷದಿಂದ ಅವಳ ಪಾತ್ರೆ ಖಾಲಿ.

"ಅಲ್ಲ ಕಣೇ, ಏನು ಮಾಡ್ಬೇಕು ಅಂತ ನಿಂಗೆ ಗೊತ್ತಾ?"

"ಇಲ್ಲ."

"ಮತ್ತೆ ಅಷ್ಟು ಜಂಬದಲ್ಲಿ ಹೇಳ್ದೆ!"

"ಗೊತ್ತು ಮಾಡ್ಕೋತೀನಿ ಬಿಡು."

ಹಳೇ ರಸ್ತೆಯ ತೊರೆಯ ಪಕ್ಕದಲ್ಲಿ ಅದೇ ಜಾತಿಯ ಮರವೊಂದು ತಾನಾಗಿಯೇ ಹುಟ್ಟಿ ಬೆಳೆದಿತ್ತು. ಅದಕ್ಕೆ ಯಾರೂ ಕತ್ತರಿ ಮುಟ್ಟಿಸಿದವರಲ್ಲ. ನೆರಿಡಾ ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ಹೋಗಿ ಅದರೆದುರು ಕುಳಿತಳು. ತುದಿಯವರೆಗೂ ಕೆಂಪು ಹಣ್ಣು. ನೆಟ್ಟಗೆ ಎದ್ದ ಕೋಲಿನಲ್ಲಿ ಏನೂ ಇಲ್ಲ. ಬಾಗಿದ, ಮಲಗಿದ ಕೊಂಬೆಗಳಲ್ಲಿ ಮಾತ್ರ ಹೆಜ್ಜೆಗೊಂದು ಗೊಂಚಲು. ಅವಳಿಗೆ ತನ್ನ ತಪ್ಪು ಕಂಡಿತು. ತೋಟದ ಮರದಿಂದ ಬೇಕಾದದ್ದು ಕೆಲವೇ ದಪ್ಪ ಹಣ್ಣು, ಅದಕ್ಕೇ ಅಷ್ಟು ಕತ್ತರಿಸುವುದು. ಈ ಮರದಿಂದ ಬೇಕಾದದ್ದು ಸಾವಿರಾರು ಹೂ. ಆ ಹೂಗಳ ಮೊಗ್ಗುಗಳನ್ನೇ ಅವಳು ತುದಿಯೊಂದಿಗೆ ಕತ್ತರಿಸಿ ನೆಲಕ್ಕೆ ಚೆಲ್ಲಿದ್ದಳು.

ಜುಲೈ ಬಂತು. ಒಣಗಿದ ಕೊಂಬೆ, ಒಂದನ್ನೊಂದು ಉಜ್ಜುವ ಕೊಂಬೆ, ಬುಡದಿಂದ ಎದ್ದ ಮರಿಗಳು, ತೀರಾ ದಟ್ಟವಾಗಿದ್ದ ಕಡೆ ಕೆಲವು ಕೋಲುಗಳು. ಇಷ್ಟನ್ನೇ ತೆಗೆದಳು. ಒಂದು ತುದಿಯನ್ನೂ ಮುಟ್ಟಲಿಲ್ಲ. ಮುಟ್ಟದಿರುವುದೇ ಕಷ್ಟದ ಕೆಲಸವಾಗಿತ್ತು. ಬಲಗೈ ತಾನಾಗಿಯೇ ತುದಿಯತ್ತ ಹೋಗುತ್ತಿತ್ತು. ಹೋದಾಗಲೆಲ್ಲ ಕತ್ತರಿಯನ್ನು ಜೇಬಿಗೆ ಹಾಕಿ, ಗಿಡ್ಡ ಏಣಿಯಿಂದ ಇಳಿದು, ಭವನವನ್ನು ಒಂದು ಸುತ್ತು ಹಾಕಿ ಬರುತ್ತಿದ್ದಳು. ಉಳಿದ ಕೋಲುಗಳನ್ನು ಬಾಗಿಸಲು ಹಳೆಯ ಕಾಲುಚೀಲಗಳಿಗೆ ಮರಳು ತುಂಬಿ ತೂಗುಬಿಟ್ಟಳು.

ರಾಯ್ಸ್ ಕಾರು ನಿಲ್ಲಿಸಿ ಕಿಟಕಿ ಇಳಿಸಿದ. "ಏನೇ, ಮರ ಬಟ್ಟೆ ಒಣಗಿಸ್ತಿದೆಯಾ?"

"ಹೂಂ. ನಿನ್ನ ಒಂಟಿ ಕಾಲುಚೀಲ ಇದ್ರೆ ಕೊಡು, ಅದನ್ನೂ ಒಣಗಿಸತ್ತೆ."

ಮರುದಿನ ಅವಳ ಗೇಟಿಗೆ ಒಂದು ಚೀಲ ತುಂಬ ಜೋಡಿಯಿಲ್ಲದ ಕಾಲುಚೀಲಗಳು ತೂಗುತ್ತಿದ್ದವು. ಯಾರು ಕಟ್ಟಿಹೋದರೆಂದು ಅವಳು ವಿಚಾರಿಸಲಿಲ್ಲ.

ಮೊದಲ ವಸಂತದಲ್ಲಿ ಒಂದೇ ಒಂದು ಕೆಳಕೊಂಬೆ ಹೂ ಬಿಟ್ಟಿತು. "ಒಂದು ಹೂದಾನಿಗೂ ಸಾಲಲ್ಲ," ಅಂದ ರಾಯ್ಸ್. ಬೇಸಿಗೆಯಿಡೀ ಅವಳು ವಾರಕ್ಕೊಮ್ಮೆ ಬಂದು, ನೆಟ್ಟಗೆ ಏಳುವ ಎಳೆ ಚಿಗುರುಗಳನ್ನು ಹೆಬ್ಬೆರಳಿನಿಂದಲೇ ಮುರಿದಳು. ಬೇಸಿಗೆಯಲ್ಲಿ ಹಾಗೆ ಮುರಿದದ್ದು ಚಳಿಗಾಲದಲ್ಲಿ ಕತ್ತರಿಸಿದವುಗಳಂತೆ ಇಮ್ಮಡಿಯಾಗಿ ಏಳಲಿಲ್ಲ.

ಎರಡನೆಯ ಜುಲೈಗೆ ಮರಳಿನ ಕಾಲುಚೀಲಗಳನ್ನು ಬಿಚ್ಚಿದಳು. ಕೊಂಬೆಗಳು ಬಾಗಿದಲ್ಲೇ ನಿಂತವು. ಅಂದು ರಾಯ್ಸ್ ತನ್ನ ಕತ್ತರಿ, ಏಣಿ ಹೊತ್ತು ಬಂದ.

"ನಡು ತುಂಬ ದಟ್ಟ ಆಯ್ತು. ನಾಲ್ಕು ಕೊಂಬೆ ತೆಗೆದು ಕೊಡ್ತೀನಿ ಇರು. ಕೊನೇ ಅವಕಾಶ ಅಲ್ವಾ ನಿಂಗೆ, ಪಾಪ."

"ಏಣಿ ಮೇಲೆ ಕಾಲಿಟ್ಟು ನೋಡು!"

"ಏ, ಸಹಾಯ ಮಾಡೋಕೆ ಬಂದೋನಿಗೆ ಹೀಗಾ ಅನ್ನೋದು? ಇದ್ರಲ್ಲಿ ಟೋಪಿ ದಾಟತ್ತಾ? ನೀನೇ ಹೇಳು."

"ದಾಟೋದು ಬೇಡ."

ರಾಯ್ಸ್ ಏಣಿಯ ಮೊದಲ ಮೆಟ್ಟಿಲು ಹತ್ತಿಯೇಬಿಟ್ಟ. ನೆರಿಡಾ ಅವನ ಕೈಯಿಂದ ಕತ್ತರಿ ಕಿತ್ತುಕೊಂಡು ತನ್ನ ಏಪ್ರನ್ನಿನ ಜೇಬಿಗೆ ಹಾಕಿದಳು. "ಅಕ್ಟೋಬರಲ್ಲಿ ಬಂದು ತಗೋ," ಅಂದಳು. ಅವನು ಗೊಣಗುತ್ತ ಏಣಿ ಹೊತ್ತು ಹೋದ. ಅವಳು ಕೊಂಬೆಯೊಂದನ್ನು ಹತ್ತಿರಕ್ಕೆ ಎಳೆದು ಮೊಗ್ಗುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಎಲೆಯ ಮೊಗ್ಗು ಚಪ್ಪಟೆ, ಹೂವಿನದು ಗುಂಡಗೆ. ಇಲ್ಲಿ ಹೆಚ್ಚಿನವು ಗುಂಡಗಿದ್ದವು. ಆದರೂ ಸೆಪ್ಟೆಂಬರಿನ ಹಿಮ ಏನು ಬೇಕಾದರೂ ಮಾಡಬಹುದು. ಬೆಟ್‌ಗೂ ಅವಳು ಏನೂ ಹೇಳಲಿಲ್ಲ.

ಅಕ್ಟೋಬರಿನ ಎರಡನೆಯ ವಾರ ಮರ ಬುಡದಿಂದ ತುದಿಯವರೆಗೆ ಬೆಳ್ಳಗಾಯಿತು. ಜೇನುಹುಳಗಳ ಸದ್ದು ರಸ್ತೆಯ ಆಚೆಗೂ ಕೇಳುತ್ತಿತ್ತು. ಬೆಟ್ ಕೆಳಗೆ ನಿಂತು ಸುಮ್ಮನೆ ಅತ್ತಳು. ಆಮೇಲೆ, ಈ ವರ್ಷ ಎಷ್ಟು ಸಕ್ಕರೆ ತರಿಸಬೇಕೆಂದು ಕೇಳಿದಳು.

ರಾಯ್ಸ್ ಬಂದ. ಕೈ ಚಾಚಿದ. ಅವಳು ಕತ್ತರಿ ಕೊಟ್ಟಳು. ಅವನು ಅದನ್ನು ಜೇಬಿಗಿಳಿಸಿ, ಅವಳ ತಲೆಯ ಟೋಪಿಯನ್ನು ಸರಕ್ಕನೆ ತೆಗೆದು ಮರದ ನಡುವಿಗೆ ಎಸೆದ. ಅದು ಹೂಗಳ ನಡುವೆ ಹೊಕ್ಕು ಅಲ್ಲೇ ಕೂತಿತು.

"ದಾಟ್ಲಿಲ್ಲ ಕಣೇ," ಅಂದ. "ನಿನ್ನ ಹೆಸರು ಹಾಳಾಯ್ತು."

"ಆಗ್ಲಿ."

"ಇರು, ಏಣಿ ತರ್ತೀನಿ."

"ಮುಟ್ಟಬೇಡ! ಕೊಂಬೆ ಅಲ್ಲಾಡಿದ್ರೆ ಹೂ ಉದುರತ್ತೆ. ಶನಿವಾರ ನಿನ್ನ ಮೊಮ್ಮಗಳ ಮದುವೆ ಅನ್ನೋದು ಮರೆತ್ಯಾ?"

ಅವಳು ಬರಿದಲೆಯಲ್ಲೇ ಮನೆಗೆ ಹೋದಳು. ಭವನದ ಗೋಡೆಯಲ್ಲಿ ತೂಗುವ ಆ ಮದುವೆಯ ಫೋಟೋದಲ್ಲಿ, ಹುಡುಗಿಯ ತಲೆಯ ಮೇಲೆ, ಹೂಗಳ ನಡುವೆ, ಮಾಸಿದ ಹಸಿರು ಟೋಪಿಯೊಂದು ಇಣುಕುತ್ತಿದೆ.