ಹಿಮ ಪಂಚಾಂಗ ನೋಡಲ್ಲ

ಎದುರುಮನೆ ತಾತನ ಬಲಗಾಲಿನಲ್ಲಿ ಇದ್ದದ್ದು ಮೂರೇ ಬೆರಳು. ಉಳಿದೆರಡನ್ನು ಹಿಮ ತಿಂದಿತ್ತು. ಜಯನಗರದ ಬೇಸಿಗೆಯಲ್ಲೂ ಉಣ್ಣೆಯ ಕಾಲುಚೀಲ ಹಾಕಿಕೊಂಡು ಜಗಲಿಯಲ್ಲಿ ಕೂತು, ಹೋಗಿಬರುವವರ ತಪ್ಪು ಹುಡುಕುವುದೇ ಆತನ ಕಸುಬು. ಅಮ್ಮನ ರಂಗೋಲಿ ಸೊಟ್ಟ, ಹಾಲಿನವನ ಹಾಲು ನೀರು, ನನ್ನ ನಗು ಜೋರು. ಆ ಮುದುಕನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಿಮಾಲಯದ ಕಣಿವೆಗಳಲ್ಲಿ ಹಿಮ ಎಷ್ಟು ಕಾಲ ನೆಲ ಬಿಡುವುದಿಲ್ಲ ಎಂದು ಅಂದಾಜು ಮಾಡುವುದು ಆತ ಮಾಡಿದ್ದ ನೌಕರಿ. ಅದೂ ಒಂದು ಕೆಲಸವೇ ಎಂದು ಬೀದಿಯೆಲ್ಲ ನಗುತ್ತಿತ್ತು. ಅರವತ್ತರ ದಶಕದ ಮೊದಲ ವರ್ಷಗಳವು. ನನಗೆ ಗೊತ್ತಾದ ಗಂಡು ಅಂಥದೇ ಒಂದು ಕಣಿವೆಯಲ್ಲಿ ರಸ್ತೆ ಮಾಡಿಸುವ ಎಂಜಿನಿಯರ್. ಹಿಂದಿನ ವರ್ಷ ಚೈತ್ರಕ್ಕೇ ಹಿಮ ಕರಗಿ ದಾರಿ ಬಿಟ್ಟಿತ್ತೆಂದು ವೈಶಾಖಕ್ಕೆ ಮುಹೂರ್ತ ಇಟ್ಟರು. ಅಪ್ಪ ಲಗ್ನಪತ್ರಿಕೆ ಕೊಡಲು ಹೋದಾಗ ನಾನೂ ಜೊತೆಗಿದ್ದೆ.

"ಆ ಕಣಿವೆ ಯಾವ ದಿಕ್ಕಿಗೆ ಮುಖ ಮಾಡಿದೆ?" ಎಂದ ತಾತ.

"ಬಡಗಲಿಗಂತೆ, ಉತ್ತರಕ್ಕೆ. ಫಾಲ್ಗುಣದಲ್ಲೂ ಹಿಮ ಬಿತ್ತಂತೆ," ಎಂದರು ಅಪ್ಪ.

"ಹಾಗಾದ್ರೆ ಜ್ಯೇಷ್ಠ ಮುಗಿಯೋವರೆಗೂ ಹುಡುಗ ಇಳಿಯಲ್ಲ. ನಿಮ್ಮ ಹಿತ್ತಲಲ್ಲೇ ನೋಡಿ ರಾಯರೇ, ಬಡಗಲ ಗೋಡೆ ಪಾಚಿ ಬೇಗ ಒಣಗುತ್ತಾ? ಹಿಮ ಎಷ್ಟು ಬಿತ್ತು ಅನ್ನೋದೊಂದೇ ಅಲ್ಲ, ಬಿಸಿಲು ಎಷ್ಟು ಹೊತ್ತು ತಾಗುತ್ತೆ ಅದನ್ನೂ ನೋಡ್ಬೇಕು."

"ಪಂಚಾಂಗ ನೋಡಿ ಇಟ್ಟಿರೋ ಮುಹೂರ್ತ ಸ್ವಾಮಿ!"

"ಹಿಮ ಪಂಚಾಂಗ ನೋಡಲ್ಲ."

ಅಪ್ಪ ಕೊಟ್ಟ ಪತ್ರಿಕೆಯನ್ನು ವಾಪಸ್ ಕಿತ್ತುಕೊಂಡು ಬಂದರು. "ಅವನ ನಾಲಿಗೆ ಸೇದಿಹೋಗ!" ಎಂದು ಅಮ್ಮ ಶಪಿಸಿದಳು. ನಾನೂ ಶಪಿಸಿದೆ.

ಮುಹೂರ್ತದ ದಿನ ಗಂಡಿನ ಕಡೆಯವರೆಲ್ಲ ಬಂದರು, ಗಂಡೇ ಬರಲಿಲ್ಲ. ಮುಹೂರ್ತ ಮೀರಿದರೆ ಹುಡುಗಿಗೆ ಮದುವೆಯೇ ಇಲ್ಲವೆಂದು ಹಿರಿಯರು ಗುಸುಗುಸು ಮಾತಾಡಿ, ಉಂಡಾಡಿಯಾಗಿದ್ದ ನನ್ನ ಸೋದರಮಾವನ ಮಗನನ್ನು ಹಸೆಮಣೆಗೆ ಎಳೆತಂದರು. ನನ್ನನ್ನು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ, ಕರೆಯದ ಆ ಮುದುಕ ಕೋಲೂರಿಕೊಂಡು ಚಪ್ಪರದೊಳಗೆ ನುಗ್ಗಿದ.

"ಹುಡುಗ ಬರೋದೇ ಇಲ್ಲ ಅಂದ್ನಾ ನಾನು? ಜ್ಯೇಷ್ಠ ಮುಗಿಯೋವರೆಗೂ ಬರಲ್ಲ ಅಂದೆ. ಹಿಮ ಕರಗುತ್ತೆ ರಾಯರೇ, ಕಟ್ಟಿದ ತಾಳಿ ಬಿಚ್ಚೋಕಾಗಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಏನಮ್ಮ, ನಗೋವಾಗ ಬೀದಿಗೆಲ್ಲ ಕೇಳ್ಸುತ್ತೆ. ಈಗ ಬಾಯಿಲ್ವಾ?" ಎಂದ.

"ನಾನು ಕಾಯ್ತೀನಿ!" ಎಂದು ಕಿರುಚಿದೆ. ವಾಲಗದವರೂ ನಿಲ್ಲಿಸಿಬಿಟ್ಟರು.

ಆಷಾಢದ ಮೊದಲ ವಾರದಲ್ಲಿ ಹುಡುಗ ಬಂದ. ಶ್ರಾವಣದಲ್ಲಿ ಮದುವೆಯಾಯಿತು. ತಾತ ಉಂಡು, ಸಾರಿಗೆ ಉಪ್ಪು ಜಾಸ್ತಿ ಎಂದು ಬೈದು ಹೋದ.

ಕೆಲವು ವರ್ಷಗಳ ಮೇಲೆ ಆತ ಸತ್ತಾಗ ನಾನು ಅಳಲಿಲ್ಲ. ಅಳುವಷ್ಟು ಒಳ್ಳೆಯ ಮಾತನ್ನು ಆತ ನನಗೆ ಒಂದು ದಿನವೂ ಆಡಿರಲಿಲ್ಲ. ನನ್ನ ಗಂಡ ಹೋಗಿ ಹೆಗಲು ಕೊಟ್ಟು ಬಂದರು. ಆ ಗಂಡ ನನಗೆ ದಕ್ಕಿದ್ದು ಆ ಕೆಟ್ಟ ನಾಲಿಗೆಯಿಂದಲೇ.