ಎಲ್ಲರೂ ಆಡುವ ಆಟ

ಬೆಳ್ಮಣ್ಣಿನ ಹುಡುಗಿ ಅಪೊಲೋನಿಯಾ, ಶಾಲೆಯಲ್ಲಿ ತ್ರೋಬಾಲ್ ತಂಡದ ನಾಯಕಿಯಾಗಿದ್ದಳು. ಶಾಲೆ ಮುಗಿದ ವಾರವೇ ತಾಯಿ ಎಸ್ತರ್ ಬಾಯಿ ಅವಳಿಗೆ ಸೀರೆ ಉಡಿಸಿ, "ಇನ್ನು ಓಡುವುದು, ಹಾರುವುದು ಸಾಕು" ಅಂದರು. ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಆ ಊರಿನಲ್ಲಿ ಎಲ್ಲ ಹುಡುಗಿಯರ ಆಟ ನಿಲ್ಲುತ್ತಿದ್ದದ್ದೇ ಹಾಗೆ. ಅಪೊಲೋನಿಯಾ ಚೆಂಡನ್ನು ಮರೆತು ನರ್ಸಿಂಗ್ ಕಲಿತಳು. ೧೯೭೨ರಲ್ಲಿ ಇಗರ್ಜಿಯ ಪಾದ್ರಿಗಳ ಮುಖಾಂತರ ಜರ್ಮನಿಯ ಸಣ್ಣ ಪಟ್ಟಣವೊಂದರ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹೊರಟುಬಿಟ್ಟಳು.

ಅಲ್ಲಿ ಅವಳ ವಾರ್ಡಿನ ಹಿರಿಯ ನರ್ಸ್ ಹಿಲ್ಡೆ, ಐವತ್ತು ದಾಟಿದ, ಮೊಮ್ಮಗಳನ್ನು ಕಂಡ ಹೆಂಗಸು. ಒಂದು ದಿನ ಕಾಫಿ ಕುಡಿಯುತ್ತಾ, "ನೀನು ಯಾವ ಆಟ ಆಡುತ್ತೀ?" ಎಂದು ಕೇಳಿದಳು. ನಮ್ಮವರು ಊಟ ಆಯಿತಾ ಎಂದು ಕೇಳುವಷ್ಟು ಸಲೀಸಾಗಿ.

"ಚಿಕ್ಕವಳಿದ್ದಾಗ ಆಡುತ್ತಿದ್ದೆ. ಈಗ ನನಗೆ ಇಪ್ಪತ್ತಮೂರು ವರ್ಷವಾಯಿತು."

"ಅದಕ್ಕೇನು? ಕಾಲು ನೋವುಂಟಾ?"

ಮುಂದಿನ ಬುಧವಾರ ಹಿಲ್ಡೆ ಅವಳನ್ನು ತನ್ನ ಹ್ಯಾಂಡ್‌ಬಾಲ್ ತಂಡಕ್ಕೆ ಎಳೆದುಕೊಂಡು ಹೋದಳು. ಬೇಕರಿಯವಳು, ಟೀಚರು, ಗಂಡ ತೀರಿಕೊಂಡ ದರ್ಜಿ, ಎಲ್ಲರೂ ಮೊಣಕಾಲು ಕಾಣುವ ಚಡ್ಡಿ ತೊಟ್ಟು ಓಡುತ್ತಿದ್ದರು. ಅಪೊಲೋನಿಯಾ ನಾಚಿ ಗೋಡೆಗೆ ಒರಗಿ ನಿಂತಳು. ಆದರೆ ಚೆಂಡು ಒಮ್ಮೆ ಕೈಗೆ ಬಂದದ್ದೇ ತಡ, ನಾಚಿಕೆ ಎಲ್ಲಿ ಹೋಯಿತೋ!

ಮೊದಲ ಪಂದ್ಯದಲ್ಲಿ ಅವರ ತಂಡ ಹೀನಾಯವಾಗಿ ಸೋತಿತು. ಸೋತವರು ಲೆಮನೇಡ್ ಕುಡಿದು, ಹಾಡಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ, ಅಪೊಲೋನಿಯಾ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಇವರಿಗೆ ಮಾನ ಮರ್ಯಾದೆ ಇಲ್ಲವೇ ಎಂದು ಒಳಗೊಳಗೇ ಸಿಟ್ಟು ಬಂತು.

"ಯಾಕೆ, ಯಾರಾದರೂ ಸತ್ತರಾ?" ಎಂದಳು ಹಿಲ್ಡೆ.

"ನಾವು ಕಾರ್ಕಳದವರೆದುರು ಸೋತ ದಿನ ನಮ್ಮ ಟೀಚರು ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಸೋತರೆ ಊರಿಗೇ ಅವಮಾನ, ಅಲ್ವಾ?"

"ಯಾವ ಊರಿಗೆ? ನಾವು ಇವತ್ತು ಆಡಿದ್ದು ಈ ಊರಲ್ಲಿ ಯಾರಿಗೂ ಗೊತ್ತೇ ಇಲ್ಲ!"

ಅಪೊಲೋನಿಯಾ ಬೆಂಚುಗಳತ್ತ ನೋಡಿದಳು. ನಿಜ, ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬೆಳ್ಮಣ್ಣಿನಲ್ಲಿ ವಾಲಿಬಾಲ್ ಪಂದ್ಯವೆಂದರೆ ಸುತ್ತಲಿನ ಊರುಗಳೆಲ್ಲ ಬಂದು ಸೇರುತ್ತಿದ್ದವು. ಎದುರು ತಂಡದವರಿಗೂ ನಮ್ಮವರ ಮನೆಗಳಲ್ಲೇ ಊಟ. ಅಲ್ಲಿ ಆಡುವವರು ಕೆಲವರು, ನೋಡುವವರು ಊರೆಲ್ಲ. ಇಲ್ಲಿ ಆಡುವವರು ಎಲ್ಲರೂ, ನೋಡುವವರು ಯಾರೂ ಇಲ್ಲ. ಯಾವುದು ಸರಿ ಎಂದು ಅವಳಿಗೆ ಆ ದಿನವೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಆದರೆ ಅಳು ನಿಂತಿತು. ಹನ್ನೊಂದು ವರ್ಷ ಆ ತಂಡದಲ್ಲಿ ಆಡಿದಳು. ಸೋತು ನಗುವುದನ್ನು ಕಲಿತಳು. ತಾನೂ ಒಂದು ಕಲಿಸಿದಳು: ಎದುರು ತಂಡದವರಿಗೆಂದು ಮನೆಯಿಂದ ತಿಂಡಿ ಮಾಡಿ ತರುವುದನ್ನು.

೧೯೮೩ರಲ್ಲಿ ತಂದೆ ತೀರಿಕೊಂಡಾಗ ಅವಳು ಊರಿಗೆ ಮರಳಿ, ಕಾರ್ಕಳದ ಒಂದು ಆಸ್ಪತ್ರೆಗೆ ಸೇರಿದಳು. ತಮ್ಮ ಜೋಕಿಮನ ಹೆಂಡತಿ ಬೆನೆಡಿಕ್ಟಾಳಿಗೆ ಮೂವತ್ತಕ್ಕೇ ಸೊಂಟ ನೋವು. ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ದುಡಿಯುವ ಆ ಹೆಂಗಸು ನಕ್ಕದ್ದನ್ನು ಅಪೊಲೋನಿಯಾ ಕಂಡೇ ಇರಲಿಲ್ಲ. ಸುಗ್ಗಿ ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ, ರಸ್ತೆ ಬದಿಯ ತಮ್ಮ ಗದ್ದೆಯಲ್ಲಿ ಎರಡು ಕಂಬ ನೆಟ್ಟು ತ್ರೋಬಾಲಿಗೆಂದು ಬಲೆ ಕಟ್ಟಿದಳು.

"ಮಕ್ಕಳ ತಾಯಿಯರು ಆಡುವುದಾ? ಊರವರು ಎಂತ ಹೇಳಿಯಾರು?" ಎಂದ ಜೋಕಿಮ್.

"ನಿನ್ನ ಹೆಂಡತಿಯ ಸೊಂಟಕ್ಕೆ ಊರವರು ಮದ್ದು ಕೊಡುತ್ತಾರಾ ಮಾರಾಯ?"

ಬೆನೆಡಿಕ್ಟಾ ಸೆರಗು ಸಿಕ್ಕಿಸಿಕೊಂಡು ಬಂದಳು, ಹಿಂದೆಯೇ ನೆರೆಮನೆಯ ಇಬ್ಬರು. ಅವರು ಎಸೆದ ಚೆಂಡು ನೆಟ್ಟಗೆ ರಸ್ತೆಗೆ ಹೋಯಿತು. ಅಲ್ಲಿ ಬುಟ್ಟಿ ಖಾಲಿ ಮಾಡಿ ಬಸ್ಸು ಕಾಯುತ್ತಿದ್ದ ಕಾಪುವಿನ ಮೀನು ಮಾರುವ ಸರಸ ಅದನ್ನು ಹಿಡಿದು ಬೀಸಿ ಒಗೆದಳು.

"ಬಾಯಮ್ಮ, ನಾನೂ ಸೇರಬಹುದಾ? ಬಸ್ಸಿಗೆ ಇನ್ನೂ ಹೊತ್ತುಂಟು."

ಆ ಬಸ್ಸು ಹೋಯಿತು, ಅದರ ಹಿಂದೆ ಬಂದದ್ದೂ ಹೋಯಿತು.

ಮಳೆಗಾಲಕ್ಕೆ ಮೊದಲು ಗದ್ದೆಯಲ್ಲಿ ಹತ್ತಾರು ಹೆಂಗಸರು ಆಡತೊಡಗಿದ್ದರು. ನಗಲು ಬಂದ ಗಂಡಸರು ಗದ್ದೆಯಂಚಿನ ಕಟ್ಟಹುಣಿಯ ಮೇಲೆ ಕುಳಿತು, ಕೊನೆಗೆ ಚೆಂಡು ಬಿದ್ದದ್ದು ಗೆರೆಯ ಆಚೆಯಾ ಈಚೆಯಾ ಎಂದು ತಮ್ಮತಮ್ಮಲ್ಲೇ ಜಗಳಾಡಿದರು. ಎಸ್ತರ್ ಬಾಯಿ ಒಂದು ದಿನವೂ ಅತ್ತ ಸುಳಿಯಲಿಲ್ಲ. ಆದರೆ ಭಾನುವಾರ ಸಂಜೆ ದನ ಕಟ್ಟಿ, ಮೊಮ್ಮಕ್ಕಳ ಕೈಕಾಲು ತೊಳೆಸಿ, "ಹೊತ್ತಾಯಿತು, ಇನ್ನೂ ಎಂತ ಮಾಡುತ್ತೀ ಇಲ್ಲಿ?" ಎಂದು ಸೊಸೆಯನ್ನು ಗದರಿಸಿ ಆಟಕ್ಕೆ ಅಟ್ಟುತ್ತಿದ್ದರು.

ಮುಂದಿನ ವರ್ಷ ಸರಸ ತನ್ನ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬೆಳ್ಮಣ್ಣಿನವರನ್ನು ಪಂದ್ಯಕ್ಕೆ ಕರೆದಳು. ಕಾಪುವಿನ ಕಡಲ ಬದಿಯಲ್ಲಿ ದೋಣಿಗಳ ನಡುವೆ ಬಲೆ ಕಟ್ಟಿತ್ತು, ಒಲೆಯ ಮೇಲೆ ಎರಡೂ ತಂಡಕ್ಕಾಗುವಷ್ಟು ಮೀನು ಸಾರು ಕುದಿಯುತ್ತಿತ್ತು. ಸಿಮೆಂಟು ನೆಲದಲ್ಲೂ ಗದ್ದೆಯಲ್ಲೂ ಆಡಿದ ಅಪೊಲೋನಿಯಾಳಿಗೆ ಮರಳಿನಲ್ಲಿ ಕಾಲು ಏಳಲೇ ಇಲ್ಲ. ಮೊದಲ ಚೆಂಡಿಗೇ ಮುಗ್ಗರಿಸಿ ಬಿದ್ದಳು.

"ಬೆರಳು ಊರಿ ಬಾಯಮ್ಮ, ಹಿಮ್ಮಡಿ ಅಲ್ಲ!" ಎಂದು ಬಲೆಯ ಆಚೆಯಿಂದ ಸರಸ ಕೂಗಿದಳು.

ಅಪೊಲೋನಿಯಾ ಮೈಮೇಲಿನ ಮರಳು ಕೊಡವಿ ಎದ್ದಳು. ಪಕ್ಕದಲ್ಲಿ ಬೆನೆಡಿಕ್ಟಾ ಚೆಂಡಿಗಾಗಿ ಎರಡೂ ಕೈ ಚಾಚಿ, ಹುಡುಗಿಯ ಹಾಗೆ ಕುಣಿಯುತ್ತಿದ್ದಳು.